ಹ್ಯಾಂಡಲ್ ಹೊಸದು, ಮೀಟರ್‌ಗೆ ಜಾಗ ಎಲ್ಲಿ?

ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಮಳೆ ನಿಂತು ಟ್ರೇಲ್ ಓಡಿಸುವ ಕಾಲ ಬರುತ್ತಿದ್ದಂತೆ ಹ್ಯಾಂಡಲ್ ಬದಲಿಸಿದವರ ಪತ್ರಗಳೂ ಬರುತ್ತವೆ. ಹ್ಯಾಂಡಲ್ ಕೂತಿದೆ, ಆದರೆ ಮೀಟರ್, ಸ್ವಿಚ್, ರೋಡ್‌ಬುಕ್ (ದಾರಿಯ ಸೂಚನೆ ಬರೆದ ಕಾಗದದ ಸುರುಳಿ) ಎಲ್ಲಿಗೆ ಎಂಬುದೇ ಹೆಚ್ಚಿನವರ ತಲೆನೋವು. ಈ ಸಲ ಅಂಥವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಟ್ರೇಲ್‌ಗೆಂದೇ ಸಿದ್ಧ ಮಾಡಿಕೊಂಡ 200 ಸಿಸಿ ಬೈಕ್. ಹಳೆಯ ಹ್ಯಾಂಡಲ್ 22 ಎಂಎಂ ಉಕ್ಕಿನದು, ನಡುವೆ ಅಡ್ಡಸರಳು ಇತ್ತು. ಹೊರಗೆ ಕೊಂಡ ಡಿಜಿಟಲ್ ಮೀಟರನ್ನು ಆ ಸರಳಿಗೇ ಬಿಗಿದಿದ್ದೆ. ಈಗ ನಡುಭಾಗ ದಪ್ಪಗಿರುವ 28.6 ಎಂಎಂ ಅಲ್ಯೂಮಿನಿಯಂ ಹ್ಯಾಂಡಲ್, ಅಂದರೆ ಫ್ಯಾಟ್‌ಬಾರ್ ಹಾಕಿಸಿದ್ದೇನೆ. ಅಡ್ಡಸರಳು ಇಲ್ಲ, ಕೆಳಗೆ ಕೊಟ್ಟ ರೈಸರ್‌ನಿಂದಾಗಿ (ಎತ್ತರಿಸುವ ತುಂಡು) ಹ್ಯಾಂಡಲ್ 30 ಎಂಎಂ ಮೇಲೆ ಬಂದಿದೆ, ಮೀಟರ್ ಜಿಪ್ ಟೈನಲ್ಲಿ ನೇತಾಡುತ್ತಿದೆ. ಹ್ಯಾಂಡಲನ್ನು ಹಿಡಿಯುವ ಕ್ಲಾಂಪಿನ ಬೋಲ್ಟುಗಳ ಕೆಳಗೆ ಒಂದು ಪಟ್ಟಿ ಇಟ್ಟು ಕೂರಿಸಬಹುದೇ? ನಡುಕ ತಡೆಯಲು ಪಟ್ಟಿಯ ಅಡಿಗೆ ಹಳೇ ಟ್ಯೂಬಿನ ರಬ್ಬರ್ ಹಾಕಬಹುದೇ?
– ಓದುಗರು, ಮೂಡಿಗೆರೆ

ಉತ್ತರ: ಪಟ್ಟಿ ಇಡಬಹುದು. ರಬ್ಬರ್ ಮಾತ್ರ ಅಲ್ಲಿ ಖಂಡಿತ ಬೇಡ.

ಹ್ಯಾಂಡಲನ್ನು ಹಿಡಿದು ನಿಲ್ಲಿಸುವುದು ಆ ನಾಲ್ಕು ಬೋಲ್ಟುಗಳ ಬಿಗಿ. ನಡುವೆ ಮೆತ್ತಗಿನ ವಸ್ತು ಸಿಕ್ಕಿತೆಂದರೆ ಬಿಗಿಯುವಾಗ ಅದು ಅಮುಕಿಕೊಳ್ಳುತ್ತದೆ, ನಾಲ್ಕು ದಿನ ಬಿಟ್ಟು ಇನ್ನಷ್ಟು ಕುಸಿಯುತ್ತದೆ, ಬೋಲ್ಟ್ ತಾನಾಗಿಯೇ ಸಡಿಲವಾಗುತ್ತದೆ. ಒಂದು ಜಿಗಿತದಲ್ಲಿ ನೆಲಕ್ಕೆ ಬಿದ್ದ ಕೂಡಲೇ ಹ್ಯಾಂಡಲ್ ನಿಮ್ಮ ಕಡೆಗೆ ತಿರುಗಿಬಿಡುತ್ತದೆ. ಕ್ಲಾಂಪಿನಿಂದ ಪಟ್ಟಿಯವರೆಗೆ ಲೋಹಕ್ಕೆ ಲೋಹವೇ ಕೂರಬೇಕು. ರಬ್ಬರ್ ಏನಿದ್ದರೂ ಪಟ್ಟಿಗೂ ಮೀಟರಿಗೂ ನಡುವೆ.

ಇನ್ನು ಕೆಲಸದ ಕ್ರಮ. ಹೊಸ ಹ್ಯಾಂಡಲ್ ಬಂದ ಖುಷಿಯಲ್ಲಿ ಮೊದಲು ಮೀಟರಿಗೆ ಜಾಗ ಹುಡುಕುವವರೇ ಹೆಚ್ಚು. ಮೀಟರ್ ಕೊನೆಯದು. ಮೊದಲು ಹ್ಯಾಂಡಲನ್ನು ಅರೆಬಿಗಿಯಲ್ಲಿ ಕೂರಿಸಿ, ಫುಟ್‌ಪೆಗ್ ಮೇಲೆ ಎದ್ದು ನಿಂತು ಅದರ ಓರೆ ನೋಡಿ, ಲಿವರ್‌ಗಳನ್ನು ಜೋಡಿಸಿ. ಆಮೇಲೆ ಸ್ಟಿಯರಿಂಗನ್ನು ಎಡಬಲ ಎರಡೂ ಕೊನೆಗೆ ತಿರುಗಿಸಿ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಮುಂದಿನ ಬ್ರೇಕ್ ಹೋಸ್ ಎಲ್ಲಿ ಓಡುತ್ತವೆ ಎಂದು ಗಮನಿಸಿ. 30 ಎಂಎಂ ಎತ್ತರ ಸಣ್ಣದೆನಿಸಿದರೂ ಬ್ರೇಕ್ ಹೋಸನ್ನು ಬಿಗಿ ತಂತಿ ಮಾಡಲು ಅಷ್ಟೇ ಸಾಕು. ಎಂಜಿನ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಮುಂದಿನ ಚಕ್ರ ಗಾಳಿಯಲ್ಲಿರುವಂತೆ ಎತ್ತಿ, ಫೋರ್ಕ್ ಪೂರ್ತಿ ಕೆಳಗಿಳಿದಾಗ ಎರಡೂ ಕಡೆ ತಿರುಗಿಸಿ ಪರೀಕ್ಷಿಸಿ. ಹೀರೊ ಎಕ್ಸ್‌ಪಲ್ಸ್ 200 ಬೈಕಿನ ಮುಂದಿನ ಫೋರ್ಕ್ 190 ಎಂಎಂ ಮೇಲೆಕೆಳಗೆ ಓಡಿದರೆ ರ್‍ಯಾಲಿ ಕಿಟ್ ಹಾಕಿದ ಮೇಲೆ 250 ಎಂಎಂ ಓಡುತ್ತದೆ. ಅಂಥ ಬೈಕಿನಲ್ಲಿ ರೈಸರೂ ಸೇರಿದರೆ ಹೋಸಿನ ಲೆಕ್ಕ ಪೂರಾ ಬದಲು. ಕೊನೆಗೆ ಎಂಜಿನ್ ಚಾಲೂ ಮಾಡಿ ನ್ಯೂಟ್ರಲ್‌ನಲ್ಲಿ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ. ಎಂಜಿನ್ ಸದ್ದು ಏರಿತೆಂದರೆ ಆಕ್ಸಿಲರೇಟರ್ ಕೇಬಲ್ ಎಲ್ಲೋ ಜಗ್ಗುತ್ತಿದೆ. ಆಕ್ಸಿಲರೇಟರ್ ಗ್ರಿಪ್‌ನಲ್ಲಿ 2ರಿಂದ 6 ಎಂಎಂ ಸಡಿಲ ಇರಲೇಬೇಕು.

ಇಷ್ಟು ಮುಗಿದ ಮೇಲೆ ಉಳಿಯುವ ಖಾಲಿ ಜಾಗವೇ ಮೀಟರಿನ ಜಾಗ.

ಪಟ್ಟಿಯ ಅಚ್ಚಿಗೆ ಮನೆಯಲ್ಲಿ ಬಿದ್ದಿರುವ ದಪ್ಪ ಮದುವೆ ಕರೆಯೋಲೆ ಸಾಕು. ಮುಂದಿನ ಎರಡು ಕ್ಲಾಂಪ್ ಬೋಲ್ಟುಗಳ ನಡುವಿನ ದೂರವನ್ನು ವರ್ನಿಯರ್‌ನಲ್ಲಿ ಅಳೆದು ಕಾಗದದಲ್ಲಿ ತೂತು ಮಾಡಿ, ಮೀಟರಿನ ಆಕಾರ ಬರೆದು ಕತ್ತರಿಸಿ ಬೈಕಿನ ಮೇಲಿಟ್ಟು ನೋಡಿ. ಸ್ಟಿಯರಿಂಗ್ ತಿರುಗಿಸಿದಾಗ ಟ್ಯಾಂಕಿಗೆ, ಹೆಡ್‌ಲೈಟ್ ಮುಖವಾಡಕ್ಕೆ ತಾಗುವುದು ಕಾಗದದಲ್ಲೇ ಗೊತ್ತಾಗುತ್ತದೆ. ಸುತ್ತಲೂ ಕನಿಷ್ಠ 10 ಎಂಎಂ ಸಂದು ಬಿಡಿ.

ಪಟ್ಟಿಗೆ 3 ಎಂಎಂ ದಪ್ಪದ ಅಲ್ಯೂಮಿನಿಯಂ ತೆಗೆದುಕೊಳ್ಳಿ. 2 ಎಂಎಂ ಆದರೆ ಒಂಟಿ ಸಿಲಿಂಡರಿನ ನಡುಕಕ್ಕೆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ. ಮಡಿಸಬೇಕಾದರೆ 5052 ದರ್ಜೆ ಕೇಳಿ. ಅಂಗಡಿಯಲ್ಲಿ ‘ಇದು ಇನ್ನೂ ಗಟ್ಟಿ’ ಎಂದು 6061 ಟಿ6 ಕೊಟ್ಟರೆ ಬೇಡವೆನ್ನಿ. ಅದು ಗಟ್ಟಿಯೇ ಹೌದು, ಆದರೆ ಚೂಪಾಗಿ ಮಡಿಸಿದ ಕಡೆ ಸೀಳುತ್ತದೆ. ಮಡಿಕೆಯ ಒಳಗಿನ ತಿರುವು ಕನಿಷ್ಠ 5 ಎಂಎಂ ತ್ರಿಜ್ಯದ್ದಿರಲಿ, ವೈಸ್‌ನ ಬಾಯಿಗೆ ಒಂದು ಉರುಟು ಸರಳು ಕೊಟ್ಟು ಮಡಿಸಿದರಾಯಿತು. ಎಂ8 (8 ಎಂಎಂ ದಪ್ಪದ) ಬೋಲ್ಟಿಗೆ 8.5 ಎಂಎಂ ತೂತು. ಅಂಚುಗಳನ್ನೂ ತೂತಿನ ಬಾಯಿಯನ್ನೂ ಅರದಿಂದ ಉಜ್ಜಿ ನುಣುಪು ಮಾಡಿ. ಬಿರುಕು ಯಾವಾಗಲೂ ಒರಟು ಅಂಚಿನಿಂದಲೇ ಶುರುವಾಗುತ್ತದೆ. ಕ್ಲಾಂಪಿನಿಂದ ಮೀಟರಿನ ನಡುವಿಗೆ 60–70 ಎಂಎಂಗಿಂತ ಹೆಚ್ಚು ಮುಂಚಾಚಬೇಡಿ. ಚಾಚಿದಷ್ಟೂ ಪಟ್ಟಿ ಈಜುಕೊಳದ ಜಿಗಿಹಲಗೆಯಂತೆ ಕುಣಿಯುತ್ತದೆ.

ಎಲ್ಲರೂ ಎಡವುವ ಎರಡು ಜಾಗಗಳಿವೆ.

ಒಂದು, ಕ್ಲಾಂಪಿನ ಮೇಲ್ಮುಚ್ಚಳದಲ್ಲಿ ಬೋಲ್ಟಿನ ತಲೆ ಹುದುಗುವ ಕುಳಿ. ಅಲೆನ್ ಬೋಲ್ಟ್ ಇರುವ ಕ್ಲಾಂಪುಗಳಲ್ಲಿ ಇದು ಸಾಮಾನ್ಯ. ಎಂ8 ಅಲೆನ್ ಬೋಲ್ಟಿನ ತಲೆ 13 ಎಂಎಂ ಅಗಲ, 8 ಎಂಎಂ ಎತ್ತರ. ಅದು ಪೂರ್ತಿ ಮುಳುಗುವ ಕುಳಿ ಅಲ್ಲಿರುತ್ತದೆ. ಅದರ ಮೇಲೆ ಬರೇ ಪಟ್ಟಿ ಇಟ್ಟು ಬಿಗಿದರೆ ಪಟ್ಟಿ ಕುಳಿಯೊಳಕ್ಕೆ ಬಾಗುತ್ತದೆ. ಬಿಗಿ ಅಳೆಯುವ ಟಾರ್ಕ್ ರೆಂಚ್ ‘ಟಕ್’ ಎಂದರೂ ಹ್ಯಾಂಡಲಿಗೆ ಬಿಗಿ ಬಂದಿರುವುದಿಲ್ಲ. ಆ ಕುಳಿ ತುಂಬುವಷ್ಟು ಅಗಲ, ಅದರಷ್ಟೇ ಆಳದ ಅಲ್ಯೂಮಿನಿಯಂ ಬುಷ್ (ನಡುವೆ ತೂತಿರುವ ಬಿಲ್ಲೆ) ಎರಡನ್ನು ಲೇತ್‌ನಲ್ಲಿ ಮಾಡಿಸಿ ಕುಳಿಯಲ್ಲಿ ಕೂರಿಸಿ, ಅದರ ಮೇಲೆ ಪಟ್ಟಿ, ಅದರ ಮೇಲೆ ವಾಷರ್, ಆಮೇಲೆ ಬೋಲ್ಟ್.

ಎರಡನೆಯದು ಬೋಲ್ಟಿನ ಉದ್ದ. 3 ಎಂಎಂ ಪಟ್ಟಿ, 8 ಎಂಎಂ ಬುಷ್, ಒಂದೂವರೆ ಎಂಎಂ ವಾಷರ್ ಸೇರಿದರೆ ಹಳೆಯ ಬೋಲ್ಟಿನ ಮರೆಯಲ್ಲಿ (ಥ್ರೆಡ್) 12–13 ಎಂಎಂ ಕಡಿಮೆ ಹಿಡಿಯುತ್ತದೆ. ಅಲ್ಯೂಮಿನಿಯಂ ಮರೆಯಲ್ಲಿ ಎಂ8 ಬೋಲ್ಟ್ ಕನಿಷ್ಠ 12 ಎಂಎಂ ಒಳಗೆ ಕೂರಬೇಕು. ಇಲ್ಲವಾದರೆ ಮರೆ ಕಿತ್ತು ಬರುತ್ತದೆ. ಹಾಗೆಂದು ಕೈಗೆ ಸಿಕ್ಕ ಉದ್ದದ ಬೋಲ್ಟ್ ಹಾಕಿದರೂ ಕಷ್ಟ. ತೂತು ತಳಮುಚ್ಚಿದ್ದರೆ ಬೋಲ್ಟ್ ತಳಕ್ಕೆ ಬಡಿದು ನಿಲ್ಲುತ್ತದೆ, ಬಿಗಿಯಾದಂತೆ ಕಾಣುತ್ತದೆ, ಹ್ಯಾಂಡಲ್ ಮಾತ್ರ ಸಡಿಲ. ಕಡ್ಡಿ ಇಳಿಸಿ ಆಳ ಅಳೆದು, ತಳದಿಂದ 2 ಎಂಎಂ ಮೇಲೆ ನಿಲ್ಲುವ ಉದ್ದ ಆರಿಸಿ. ತಲೆಯ ಮೇಲೆ 8.8 ಅಥವಾ ಅದಕ್ಕಿಂತ ಹೆಚ್ಚಿನ ಗುರುತು ಇರುವ ಬೋಲ್ಟನ್ನೇ ಕೊಳ್ಳಿ. ಮಿಂಚುವ ಸ್ಟೇನ್‌ಲೆಸ್ ಬೋಲ್ಟಿನ ಆಸೆ ಇಲ್ಲಿ ಬೇಡ.

ಮೀಟರಿನ ಕಡೆಗೆ ಬಂದರೆ, ಪಟ್ಟಿಯ ತೂತಿನಲ್ಲಿ ರಬ್ಬರ್ ಗ್ರಾಮೆಟ್ (ಉಂಗುರ) ಕೂರಿಸಿ ಅದರೊಳಗೆ ಲೋಹದ ಸ್ಲೀವ್ (ಗಿಡ್ಡ ಕೊಳವೆ) ಹಾಕಿ. ಗ್ರಾಮೆಟ್ 8 ಎಂಎಂ ದಪ್ಪವಿದ್ದರೆ ಸ್ಲೀವ್ 7 ಎಂಎಂ ಉದ್ದವಿರಲಿ. ಬೋಲ್ಟ್ ಸ್ಲೀವಿಗೆ ಬಡಿದು ನಿಲ್ಲುತ್ತದೆ, ರಬ್ಬರ್ ಒಂದೇ ಎಂಎಂ ಒತ್ತಿಕೊಂಡು ಜೀವಂತವಾಗಿರುತ್ತದೆ. ಸ್ಲೀವ್ ಇಲ್ಲದೆ ಬಿಗಿದರೆ ರಬ್ಬರ್ ಚಪ್ಪಟೆಯಾಗಿ ಕಲ್ಲಾಗುತ್ತದೆ, ಆಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬೆಂಗಳೂರಿಗೆ ಬಂದಾಗ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆಗಳಲ್ಲಿ ಗ್ರಾಮೆಟ್‌ಗಳನ್ನು ಹುಡುಕಬಹುದು. ಊರಲ್ಲೇ ಆಗಬೇಕೆಂದರೆ ಹಳೇ ಬೈಕಿನ ಸೈಡ್ ಪ್ಯಾನೆಲ್ ಬುಷ್‌ಗಳೂ ಆದೀತು.

ಮೀಟರಿನ ಬೆನ್ನಲ್ಲಿ ಬೋಲ್ಟ್ ಕೂರುವ ಹಿತ್ತಾಳೆ ಮರೆಗಳಿದ್ದರೆ ಎಚ್ಚರ. ಆಳ ನೋಡದೆ ಉದ್ದದ ಬೋಲ್ಟ್ ತಿರುಗಿಸಿದರೆ ಅದು ನೇರ ಒಳಗಿನ ಸರ್ಕ್ಯೂಟ್ ಬೋರ್ಡನ್ನು ಚುಚ್ಚುತ್ತದೆ. ಊದುಬತ್ತಿ ಕಡ್ಡಿ ಇಳಿಸಿ ಗುರುತು ಹಾಕಿ, ಅದಕ್ಕಿಂತ 1 ಎಂಎಂ ಕಡಿಮೆ ಒಳಹೋಗುವ ಬೋಲ್ಟ್ ಹಾಕಿ. ಬೋಲ್ಟ್ ಸಡಿಲವಾಗದಂತೆ ಮರೆಗೆ ಹಚ್ಚುವ ಥ್ರೆಡ್‌ಲಾಕರ್ ದ್ರವವನ್ನೂ ಇಲ್ಲಿ ಹಚ್ಚಬಾರದು. ಆ ದ್ರವ ತಾಗಿದ ಪ್ಲಾಸ್ಟಿಕ್ ಕೆಲವೇ ದಿನಗಳಲ್ಲಿ ಕೂದಲೆಳೆ ಬಿರುಕು ಬಿಡುತ್ತದೆ. ಪಾಲಿಕಾರ್ಬೊನೇಟ್ ಮೀಟರ್ ಕವಚಕ್ಕಂತೂ ಅದು ವಿಷ. ನೈಲಾನ್ ಒಳಪಟ್ಟಿ ಇರುವ ಲಾಕ್‌ನಟ್ ಸಾಕು.

ಕೊನೆಯ ಬಿಗಿ: ಕೈಪಿಡಿಯಲ್ಲಿರುವುದೇ ಸರಿ. ಅಂದಾಜಿಗೆ ಹೇಳುವುದಾದರೆ ಕೆಟಿಎಂ ಎಂಡ್ಯೂರೊ ಬೈಕುಗಳಲ್ಲಿ ಮೇಲಿನ ಎಂ8 ಕ್ಲಾಂಪ್ ಬೋಲ್ಟಿಗೆ 20 ನ್ಯೂಟನ್ ಮೀಟರ್, ಕ್ಲಾಂಪನ್ನು ಕೆಳಗಿನಿಂದ ಹಿಡಿಯುವ ಎಂ10 ಬೋಲ್ಟಿಗೆ 40, ಈ ಎಂ10 ಬೋಲ್ಟಿಗೆ ನೀಲಿ ಥ್ರೆಡ್‌ಲಾಕರನ್ನೂ ಹಚ್ಚಬೇಕು. ಮೇಲ್ಮುಚ್ಚಳದ ಸಂದು ಹೇಗಿರಬೇಕೆಂದು ಮೊದಲೇ ತಿಳಿದುಕೊಳ್ಳಿ. ಕೆಲವು ಕ್ಲಾಂಪುಗಳಲ್ಲಿ ಮುಂದಿನ ಬೋಲ್ಟನ್ನು ಪೂರ್ತಿ ಬಿಗಿದು ಸಂದನ್ನು ಹಿಂದೆ ಬಿಡಬೇಕು, ಮೇಲ್ಮುಚ್ಚಳದ ಚುಕ್ಕೆ ಗುರುತು ಮುಂದಿರಬೇಕು. ಇನ್ನು ಕೆಲವಲ್ಲಿ ಎರಡೂ ಕಡೆ ಸಮ ಸಂದು. ನಿಮ್ಮ ಪಟ್ಟಿ ಎರಡೂ ಮುಚ್ಚಳಗಳ ಮೇಲೆ ಹಾಸುವುದರಿಂದ ಎರಡರ ಎತ್ತರವೂ ಒಂದೇ ಇರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಪಟ್ಟಿ ತಿರುಚಿಕೊಂಡು ಮೀಟರಿನ ಕಿವಿಯನ್ನೇ ಮುರಿಯುತ್ತದೆ. ಮೊದಲ 30 ಕಿ.ಮೀ. ಒರಟು ಓಟದ ನಂತರ ಇನ್ನೊಮ್ಮೆ ಬಿಗಿ ನೋಡಿ.

ಪ್ರಶ್ನೆ: ಟಾರ್ಕ್ ರೆಂಚ್ ಇಲ್ಲ. ಕೈ ಅಂದಾಜಿನಲ್ಲಿ ಬಿಗಿದರೆ ಸಾಲದೇ?
– ಓದುಗರು, ಶಿರಸಿ

ಉತ್ತರ: ಎಂ8ಕ್ಕೆ ಕೈ ಅಂದಾಜು ಯಾವಾಗಲೂ ಹೆಚ್ಚೇ ಆಗುತ್ತದೆ. ಬದಲಿಗೆ ಸಾಮಾನು ತೂಗುವ ಕೊಕ್ಕೆ ತಕ್ಕಡಿ ತನ್ನಿ. ಸ್ಪ್ಯಾನರ್ ಮೇಲೆ ಬೋಲ್ಟಿನ ನಡುವಿನಿಂದ ಸರಿಯಾಗಿ 20 ಸೆಂ.ಮೀ. ದೂರಕ್ಕೆ ಗುರುತು ಹಾಕಿ, ಅಲ್ಲಿಗೆ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರಿಗೆ ಲಂಬವಾಗಿ ಎಳೆಯಿರಿ. ತಕ್ಕಡಿ 10 ಕೆ.ಜಿ. ತೋರಿಸಿದಾಗ ಬಿಗಿ 20 ನ್ಯೂಟನ್ ಮೀಟರಿಗೆ ಕೂದಲೆಳೆ ಕಡಿಮೆ. ಎಳೆತ ಓರೆಯಾದರೆ ಲೆಕ್ಕ ಸುಳ್ಳು.

ಪ್ರಶ್ನೆ: ನನ್ನದು ಕೇಬಲ್ ಮೀಟರ್ ಇರುವ ಹಳೇ ಬೈಕ್. ಎತ್ತರದ ಹ್ಯಾಂಡಲ್ ಹಾಕಿ ಮೀಟರನ್ನೂ ಮೇಲಕ್ಕೆ ತಂದ ಮೇಲೆ 30ರಿಂದ 50ರ ನಡುವೆ ಮುಳ್ಳು ತೂರಾಡುತ್ತಿದೆ, ಕೆಲವೊಮ್ಮೆ ಕಿರಗುಟ್ಟುವ ಸದ್ದು. ಮೀಟರ್ ಕೆಟ್ಟಿದೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಮೀಟರಿನ ಮೇಲೆ ಅನುಮಾನ ಆಮೇಲೆ. ಮೊದಲು ಕೇಬಲಿನ ದಾರಿ ನೋಡಿ. ಒಳತಂತಿ ಕವಚದೊಳಗೆ ನುಣ್ಣಗೆ ತಿರುಗುತ್ತಿದ್ದರೆ ಮುಳ್ಳು ನಿಶ್ಚಲ. ಎಲ್ಲಾದರೂ ಬಿಗಿ ತಿರುವು ಬಂದರೆ ತಂತಿ ಅಲ್ಲಿ ಹಿಡಿದುಕೊಂಡು, ತಿರುಚಿಕೊಂಡು, ಮತ್ತೆ ಬಿಡುತ್ತದೆ. ಆ ಹಿಡಿ-ಬಿಡು ಆಟವೇ ಮುಳ್ಳಿನ ತೂರಾಟ. ವೇಗ ಹೆಚ್ಚಿದಾಗ ಹಿಡಿಯಲು ಪುರುಸೊತ್ತು ಸಿಗುವುದಿಲ್ಲ, ಅದಕ್ಕೇ ನಿಮಗೆ ಕೆಳಗಿನ ವೇಗದಲ್ಲಷ್ಟೇ ಕಾಣುತ್ತಿದೆ.

ಮೀಟರ್ ಮೇಲಕ್ಕೆ ಬಂದಾಗ ಕೇಬಲ್ ಸಾಲದೆ ಫೋರ್ಕಿನ ಕೊಕ್ಕೆಯಿಂದ ಬಿಡಿಸಿ ನೇರ ಎಳೆದಿರುವ ಸಾಧ್ಯತೆಯೇ ಹೆಚ್ಚು. ಆ ಕೊಕ್ಕೆ ಇರುವುದು ಸುಮ್ಮನೆ ಅಲ್ಲ. ಫೋರ್ಕ್ ಕುಸಿದಾಗ ಕೇಬಲ್ ಹೊರಕ್ಕೆ ಬಳುಕಲಿ, ಟೈರಿನ ಕಡೆ ಬಾರದಿರಲಿ ಎಂದು. ಕೇಬಲ್ ಮೀಟರಿಗೆ ಸೇರುವ ಕೊನೆಯ 10 ಸೆಂ.ಮೀ. ನೆಟ್ಟಗಿರಬೇಕು, ತಿರುವು ಅದರ ಕೆಳಗೆ ಆಗಬೇಕು. ಹಾಗೆ ಆಗುವುದಿಲ್ಲವೆಂದರೆ ಉದ್ದದ ಕೇಬಲ್ ಕೊಳ್ಳಿ. ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ, ಎರಡೂ ತುದಿಯ ಚೌಕ ಮತ್ತು ನಟ್ಟಿನ ಮರೆ ಹೊಂದಬೇಕು.

ಒಳತಂತಿ ಎಳೆದು, ಸೀಮೆಎಣ್ಣೆಯಲ್ಲಿ ತೊಳೆದು, ಮೇಜಿನ ಮೇಲೆ ಉರುಳಿಸಿ. ಒಂದು ಕಡೆ ಎಗರಿದರೆ ಅಲ್ಲಿ ಸೊಟ್ಟಗಿದೆ, ಬಿಸಾಡಿ. ಸರಿಯಿದ್ದರೆ ತೆಳುವಾಗಿ ಗ್ರೀಸ್ ಸವರಿ, ಆದರೆ ಮೀಟರ್ ಕಡೆಯ 15 ಸೆಂ.ಮೀ. ಒಣಗಿದ್ದೇ ಇರಲಿ. ತಿರುಗುವ ತಂತಿ ತಿರುಪಿನ ಮೊಳೆಯಂತೆ ಗ್ರೀಸನ್ನು ಮೇಲಕ್ಕೇರಿಸುತ್ತದೆ. ಅದು ಮೀಟರ್ ಒಳಗೆ ಹೋಗಿ ಅಯಸ್ಕಾಂತಕ್ಕೂ ಮುಳ್ಳಿನ ಬಟ್ಟಲಿಗೂ ನಡುವೆ ಅಂಟಿಕೊಂಡರೆ 40ರಲ್ಲಿ ಹೋಗುವಾಗ ಮುಳ್ಳು 100 ತೋರಿಸುತ್ತದೆ. ಆಗ ನಿಜವಾಗಿಯೂ ಮೀಟರ್ ಕೆಟ್ಟ ಹಾಗೆ.

ಪ್ರಶ್ನೆ: ಹೊಸ ಅಲ್ಯೂಮಿನಿಯಂ ಹ್ಯಾಂಡಲಿನಲ್ಲಿ ಸ್ವಿಚ್ ಡಬ್ಬಿಯ ಮೊಳೆ ಕೂರಲು ತೂತಿಲ್ಲ. ಮೆಕ್ಯಾನಿಕ್ ‘ಡ್ರಿಲ್ ಹೊಡೆದುಬಿಡೋಣ ಅಣ್ಣಾ’ ಅನ್ನುತ್ತಿದ್ದಾನೆ. ಹೊಡೆಸಲೇ?
– ಓದುಗರು, ಸುಳ್ಯ

ಉತ್ತರ: ಬೇಡ. ಉಕ್ಕಿನ ಹ್ಯಾಂಡಲಿನಲ್ಲಿ ಕಾರ್ಖಾನೆಯೇ ತೂತು ಇಟ್ಟಿರುತ್ತದೆ, ಏಕೆಂದರೆ ಉಕ್ಕು ಬಾಗಿ ಸೂಚನೆ ಕೊಟ್ಟು ಮುರಿಯುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ತೂತಿನ ಬಾಯಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಪ್ರತಿ ಜಿಗಿತಕ್ಕೂ ಸ್ವಲ್ಪ ಸ್ವಲ್ಪ ಬೆಳೆದು, ಒಂದು ದಿನ ಪಟಕ್ಕನೆ ಎರಡು ತುಂಡು. ಕೊರೆದ ಹ್ಯಾಂಡಲಿಗೆ ತಯಾರಕರ ವಾರಂಟಿಯ ಮಾತೂ ಎತ್ತುವಂತಿಲ್ಲ.

ಸ್ವಿಚ್ ಡಬ್ಬಿಯೊಳಗಿನ ಪ್ಲಾಸ್ಟಿಕ್ ಮೊಳೆಯನ್ನು ಕತ್ತರಿಸಿ ಅರದಿಂದ ಸಮ ಮಾಡಿ. ಎಡಗಡೆ ಇಷ್ಟೇ ಕೆಲಸ. ಬಲಗಡೆ ಆಕ್ಸಿಲರೇಟರ್ ಡಬ್ಬಿಯೂ ಅದೇ ಮೊಳೆಯಿಂದ ನಿಂತಿದ್ದರೆ ಅಲ್ಲಿ ಇನ್ನಷ್ಟು ಜಾಗ್ರತೆ ಬೇಕು: ಡಬ್ಬಿ ಹ್ಯಾಂಡಲಿನ ಮೇಲೆ ತಿರುಗಿತೆಂದರೆ ಕೇಬಲ್ ಜಗ್ಗಿ ಎಂಜಿನ್ ತಾನೇ ಏರುತ್ತದೆ. ಹ್ಯಾಂಡಲಿನ ಆ ಭಾಗವನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಿ ಒಣಗಿಸಿ, ಒಂದೇ ಸುತ್ತು ಬಟ್ಟೆ ಟೇಪ್ ಹಾಕಿ, ಎರಡೂ ತಿರುಪುಗಳನ್ನು ಸರದಿಯಲ್ಲಿ ಬಿಗಿಯಿರಿ. ಎಂ6 ತಿರುಪಾದರೆ 5 ನ್ಯೂಟನ್ ಮೀಟರ್ ಸಾಕು. ಆಮೇಲೆ ಡಬ್ಬಿಯನ್ನು ಹಿಡಿದು ಬಲವಾಗಿ ತಿರುಚಿ ನೋಡಿ, ಅಲುಗಬಾರದು. ಗ್ರಿಪ್ ಬಿಟ್ಟ ಕೂಡಲೇ ‘ಟಪ್’ ಎಂದು ಹಿಂದಕ್ಕೆ ಬರಬೇಕು. ಬಾರದಿದ್ದರೆ ಹ್ಯಾಂಡಲಿನ ತುದಿಯ ಅಂಚು ಗ್ರಿಪ್‌ನ ಒಳಟ್ಯೂಬಿಗೆ ಉಜ್ಜುತ್ತಿದೆ ಎಂದರ್ಥ. ಅಲ್ಲಿ ಅರ ಹಾಕಿ, ತುದಿಗೂ ಹ್ಯಾಂಡ್‌ಗಾರ್ಡಿಗೂ 2 ಎಂಎಂ ಸಂದು ಬಿಡಿ.

ಲಿವರ್ ಕ್ಲಾಂಪುಗಳ ವಿಷಯ ಇದಕ್ಕೆ ಪೂರ್ತಿ ಉಲ್ಟಾ. ಅವು ಬಿದ್ದಾಗ ತಿರುಗಲೇಬೇಕು. ಅದಕ್ಕೇ ಅಲ್ಲಿ ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ನಾಲ್ಕು ಸುತ್ತು ಹಾಕಿ, ಕೈಯಿಂದ ಒತ್ತಿದರೆ ಕಷ್ಟಪಟ್ಟು ತಿರುಗುವಷ್ಟು ಮಾತ್ರ ಬಿಗಿಯುತ್ತಾರೆ. ಲಿವರ್ ಉಳಿಯುತ್ತದೆ.

ಪ್ರಶ್ನೆ: ಚಕ್ರದ ಸೆನ್ಸರ್ ಇರುವ ಮೀಟರನ್ನು ಹೊಸ ಜಾಗಕ್ಕೆ ಬದಲಿಸಿದ ಮೇಲೆ ಎಡಕ್ಕೆ ತಿರುಗಿದಾಗಲೆಲ್ಲ ವೇಗ ಸೊನ್ನೆಗೆ ಇಳಿಯುತ್ತದೆ. ನೇರ ಹೋಗುವಾಗ ಇದ್ದಕ್ಕಿದ್ದಂತೆ 180 ತೋರಿಸಿದ್ದೂ ಉಂಟು! ಫೋನಿನ ಜಿಪಿಎಸ್ ಜತೆ ಹೋಲಿಸಿದರೆ ದೂರವೂ ತಾಳೆಯಾಗುತ್ತಿಲ್ಲ.
– ಓದುಗರು, ಸಕಲೇಶಪುರ

ಉತ್ತರ: ನಿಮ್ಮದು ಒಂದಲ್ಲ, ಮೂರು ತೊಂದರೆ.

ಎಡಕ್ಕೆ ತಿರುಗಿದಾಗ ಸೊನ್ನೆ ಎಂದರೆ ಸೆನ್ಸರ್ ತಂತಿ ಬಿಗಿಯಾಗಿದೆ ಅಥವಾ ಕವಚದೊಳಗೆ ತುಂಡಾಗಿದೆ. ಎರಡೇ ತಂತಿಯ ರೀಡ್ ಸ್ವಿಚ್ ಸೆನ್ಸರ್ ಆದರೆ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಚಕ್ರ ತಿರುಗಿಸಿ. ಅಯಸ್ಕಾಂತ ಎದುರು ಬಂದಾಗಲೆಲ್ಲ ಒಂದು ಬೀಪ್ ಬರಬೇಕು. ಈಗ ಸ್ಟಿಯರಿಂಗನ್ನು ಎಡಕ್ಕೆ ಹಿಡಿದು ಮತ್ತೆ ತಿರುಗಿಸಿ. ಬೀಪ್ ನಿಂತರೆ ತಂತಿ ಸಿಕ್ಕಿಬಿತ್ತು. ಮೂರು ತಂತಿಯ ಹಾಲ್ ಸೆನ್ಸರಿಗೆ ಈ ಪರೀಕ್ಷೆ ನಡೆಯದು, ಅದಕ್ಕೆ ಕರೆಂಟು ಕೊಟ್ಟೇ ನೋಡಬೇಕು. ಜೋಡಿಸುವಾಗ ಬೆಸುಗೆ ಹಾಕಿ ಹೀಟ್‌ಶ್ರಿಂಕ್ ತೊಡಿಸಿ, ಆದರೆ ಬೆಸುಗೆ ಬಾಗುವ ಜಾಗದಲ್ಲಿ ಬಾರದಿರಲಿ. ಬೆಸುಗೆಯ ಅಂಚಿನಲ್ಲೇ ತಂತಿ ಮುರಿಯುವುದು. ತಂತಿಯನ್ನು ಬ್ರೇಕ್ ಹೋಸಿನ ಜತೆಯಲ್ಲೇ ಒಯ್ದು ಸಡಿಲವಾಗಿ ಕಟ್ಟಿ, ಸ್ಟಿಯರಿಂಗ್ ತಲೆಯ ಬಳಿ ಅಂಗೈ ಅಗಲದ ಸುರುಳಿ ಬಿಡಿ. ಆಕ್ಸಿಲರೇಟರ್ ಕೇಬಲಿಗೆ ಮಾತ್ರ ಏನನ್ನೂ ಕಟ್ಟಬೇಡಿ.

180ರ ಪವಾಡಕ್ಕೆ ಕಾರಣ ಸ್ಪಾರ್ಕ್ ಪ್ಲಗ್ಗಿನ ವಿದ್ಯುತ್ ಗದ್ದಲ. ಹೊಸ ದಾರಿಯಲ್ಲಿ ಸೆನ್ಸರ್ ತಂತಿ ಪ್ಲಗ್ ತಂತಿಯ ಪಕ್ಕದಲ್ಲೇ ಹಾದುಹೋಗುತ್ತಿರಬೇಕು. ಎರಡರ ನಡುವೆ ಒಂದು ಗೇಣು ಅಂತರ ಇಡಿ. ಪ್ಲಗ್ ರೆಸಿಸ್ಟರ್ ಜಾತಿಯದೋ ನೋಡಿ. ಎನ್‌ಜಿಕೆ ಪ್ಲಗ್ಗಿನ ಸಂಖ್ಯೆಯಲ್ಲಿ ‘ಆರ್’ ಅಕ್ಷರ ಇದ್ದರೆ ಹೌದು. ಎಂಜಿನ್ ಓಡಿದ ಗಂಟೆ ಲೆಕ್ಕ ಇಡುವ ಅವರ್‌ಮೀಟರಿನ ತಂತಿಯನ್ನು ಪ್ಲಗ್ ತಂತಿಗೆ ಸುತ್ತಿದ್ದರೆ ಅದು ಅಲ್ಲೇ ಇರಲಿ, ಅದಕ್ಕೆ ಗದ್ದಲವೇ ಆಹಾರ. ಆದರೆ ಅದನ್ನೂ ಸೆನ್ಸರ್ ತಂತಿಯನ್ನೂ ಒಂದೇ ಕಟ್ಟಿನಲ್ಲಿ ಸೇರಿಸಬೇಡಿ.

ದೂರದ ತಪ್ಪು ಸೆಟ್ಟಿಂಗಿನದು. ಮೀಟರಿಗೆ ಚಕ್ರದ ಸುತ್ತಳತೆಯನ್ನು ಎಂಎಂನಲ್ಲಿ ಕೊಡಬೇಕು. 90/90-21 ಟೈರಿನ ಲೆಕ್ಕ ಹೀಗೆ: ರಿಮ್ 21 ಇಂಚು ಎಂದರೆ 533.4 ಎಂಎಂ, ಟೈರಿನ ಎತ್ತರ 90ರ ಶೇ. 90 ಅಂದರೆ 81 ಎಂಎಂ, ಮೇಲೊಂದು ಕೆಳಗೊಂದು ಸೇರಿ ವ್ಯಾಸ 695.4, ಸುತ್ತಳತೆ ಸುಮಾರು 2185 ಎಂಎಂ. 80/100-21 ಆದರೆ 2178. ಇದು ಕಾಗದದ ಲೆಕ್ಕ. ನೀವು ಕೂತಾಗ ಟೈರ್ ತುಸು ಅಮುಕುತ್ತದೆ. ಆದ್ದರಿಂದ ಟ್ರೇಲಿಗೆ ಇಡುವ ಗಾಳಿಯನ್ನೇ ಇಟ್ಟು, ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು, ಬೈಕ್ ಮೇಲೆ ಕೂತು ಸಿಮೆಂಟ್ ನೆಲದಲ್ಲಿ ಸರಿಯಾಗಿ ಐದು ಸುತ್ತು ಉರುಳಿಸಿ, ದೂರವನ್ನು ಐದರಿಂದ ಭಾಗಿಸಿ. 10 ಮೀಟರ್ 80 ಸೆಂ.ಮೀ. ಬಂದರೆ ಸುತ್ತಳತೆ 2160. ಕಾಗದದ ಲೆಕ್ಕಕ್ಕೂ ಇದಕ್ಕೂ ಶೇ. 1ರಷ್ಟು ವ್ಯತ್ಯಾಸ, 100 ಕಿ.ಮೀ.ಗೆ ಒಂದು ಕಿ.ಮೀ. ಹೆಚ್ಚುಕಡಿಮೆ. ದಟ್ಟ ಕಾಡಿನಲ್ಲಿ ಫೋನಿನ ಜಿಪಿಎಸ್ಸೂ ತಿರುವುಗಳನ್ನು ಕತ್ತರಿಸಿ ದೂರ ಕಡಿಮೆ ತೋರಿಸುತ್ತದೆ, ಅದನ್ನೇ ಸತ್ಯವೆಂದು ನಂಬಬೇಡಿ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೇ ವಾಸಿ, ಹತ್ತು ಕಲ್ಲು ಬಿಟ್ಟು ಹೋಲಿಸಿ.

ಸೆನ್ಸರಿಗೂ ಅಯಸ್ಕಾಂತಕ್ಕೂ ನಡುವಿನ ಸಂದನ್ನು 2–3 ಎಂಎಂ ಒಳಗೆ ಇಟ್ಟುಕೊಳ್ಳಿ. ಕೆಸರು ಮೆತ್ತಿಕೊಂಡರೆ ಪರವಾಗಿಲ್ಲ, ಬ್ರಾಕೆಟ್ ಬಾಗಿದರೆ ಆಟ ಮುಗಿಯಿತು.

ಪ್ರಶ್ನೆ: ಮೊದಲ ಬಾರಿ ರ್‍ಯಾಲಿಗೆ ಹೆಸರು ಕೊಟ್ಟಿದ್ದೇನೆ. ರೋಡ್‌ಬುಕ್ ಡಬ್ಬಿ, ಟ್ರಿಪ್ ಮೀಟರ್, ಫೋನ್ ಮೂರನ್ನೂ ಫ್ಯಾಟ್‌ಬಾರ್ ಮೇಲೆ ಕೂರಿಸಲು ಆಗುತ್ತದೆಯೇ?
– ಓದುಗರು, ಬೆಂಗಳೂರು

ಉತ್ತರ: ಆಗುತ್ತದೆ, ಆದರೆ ಮೂರನ್ನೂ ಅಲ್ಲ. 2015ರಲ್ಲಿ ಡಕಾರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯ ನಿಮ್ಮೂರಿನ ಸಿ.ಎಸ್. ಸಂತೋಷ್. ಆ ಮಟ್ಟದ ರ್‍ಯಾಲಿ ಬೈಕುಗಳ ಚಿತ್ರ ನೋಡಿದರೆ ಒಂದು ವಿಷಯ ಕಾಣುತ್ತದೆ: ಉಪಕರಣಗಳೆಲ್ಲ ಹ್ಯಾಂಡಲ್ ಮೇಲಿಲ್ಲ, ಹ್ಯಾಂಡಲ್ ಮುಂದೆ ಫ್ರೇಮಿಗೆ ಬಿಗಿದ ಗೋಪುರದ ಮೇಲಿವೆ. ಹ್ಯಾಂಡಲ್ ತಿರುಗಿದರೂ ಅವು ತಿರುಗುವುದಿಲ್ಲ, ಅವುಗಳ ತೂಕವನ್ನು ನಿಮ್ಮ ತೋಳು ಹೊರುವುದಿಲ್ಲ.

ಗೋಪುರ ಮಾಡಿಸುವಷ್ಟು ಹಣ ಸಮಯ ಇಲ್ಲವಾದರೆ ರೋಡ್‌ಬುಕ್ ಡಬ್ಬಿಯೊಂದನ್ನೇ ಹ್ಯಾಂಡಲ್ ಮೇಲೆ ಇಡಿ. ಆ ಡಬ್ಬಿಯನ್ನು ಹಿಡಿಯಲು ಕ್ಲಾಂಪಿನ ಎಡಬಲದಲ್ಲಿ ಒಂದೊಂದರಂತೆ ಎರಡು ಹಿಡಿಕೆ ಬೇಕು. 28.6 ಎಂಎಂ ದಪ್ಪ ಇರುವುದು ನಡುಭಾಗದಲ್ಲಿ ಮಾತ್ರ, ಆಮೇಲೆ ಬಾರ್ ಸಪೂರವಾಗುತ್ತ 22ಕ್ಕೆ ಇಳಿಯುತ್ತದೆ. ಆ ಇಳಿಜಾರಿನ ಮೇಲೆ ಹಿಡಿಕೆ ಬಿಗಿದರೆ ಒಂದೇ ಅಂಚಿನಲ್ಲಿ ಕಚ್ಚಿ ಬಾರಿಗೆ ಗೀರು ಬೀಳುತ್ತದೆ. ಅಲ್ಯೂಮಿನಿಯಂ ಗೀರು ಎಂದರೆ ನಾಳಿನ ಬಿರುಕು. ಟ್ರಿಪ್ ಮೀಟರನ್ನು ರೋಡ್‌ಬುಕ್ಕಿನ ಮೇಲಂಚಿಗೇ ಜೋಡಿಸಿ, ಕಣ್ಣು ಒಂದೇ ಕಡೆ ಓಡಲಿ. ಸುರುಳಿ ತಿರುಗಿಸುವ ಸ್ವಿಚ್ ಎಡ ಹೆಬ್ಬೆರಳಿಗೆ. ಬ್ಯಾಟರಿಯಿಂದ ಬರುವ ತಂತಿಗೆ ಶುರುವಿನಲ್ಲೇ 5 ಆಂಪ್ ಫ್ಯೂಸ್ ಇರಲಿ.

ಎಲ್ಲವನ್ನೂ ಎದ್ದು ನಿಂತೇ ಜೋಡಿಸಿ. ರೋಡ್‌ಬುಕ್ ಓದುವುದು ನಿಂತು ಓಡಿಸುವಾಗ. ಕೂತು ಜೋಡಿಸಿದ ಪರದೆ ನಿಂತಾಗ ಆಕಾಶವನ್ನಷ್ಟೇ ತೋರಿಸುತ್ತದೆ.

ಫೋನನ್ನು ಜೇಬಿನಲ್ಲಿಡಿ. ಬೈಕ್ ಎಂಜಿನ್ನಿನ ನಡುಕದಿಂದ ಐಫೋನ್ ಕ್ಯಾಮೆರಾದ ಅಲುಗಾಟ-ತಡೆ ವ್ಯವಸ್ಥೆ ಹಾಳಾಗಬಹುದು ಎಂದು 2021ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿದೆ. ಇಡಲೇಬೇಕೆಂದರೆ ನಡುಕ ತಡೆಯುವ ರಬ್ಬರ್ ಹಿಡಿಕೆ ಬಳಸಿ. ಅಯಸ್ಕಾಂತದಿಂದ ಕಚ್ಚುವ ಫೋನ್ ಹಿಡಿಕೆಯನ್ನು ದಿಕ್ಸೂಚಿ ಇರುವ ಮೀಟರಿನ ಪಕ್ಕ ತಂದರೆ ಉತ್ತರ ದಿಕ್ಕು ಎತ್ತಲೋ ಓಡುತ್ತದೆ.

ಪ್ರಶ್ನೆ: ಮೀಟರನ್ನು ಹೊಸ ಪಟ್ಟಿಗೆ ಕೂರಿಸಿದ ಮೇಲೆ ಮಧ್ಯಾಹ್ನ ಪರದೆ ಪೂರ್ತಿ ಕಪ್ಪು. ಮನೆಗೆ ಬಂದು ನೋಡಿದರೆ ಸರಿಯಾಗಿದೆ. ಗಾಜಿನೊಳಗೆ ಹಬೆಯೂ ಕಟ್ಟುತ್ತಿದೆ.
– ಓದುಗರು, ಯಲ್ಲಾಪುರ

ಉತ್ತರ: ಗಾಗಲ್ ತೆಗೆದು ನೋಡಿ. ಪೋಲರೈಸ್ಡ್ ಗಾಜಿನ ಮೂಲಕ ಎಲ್‌ಸಿಡಿ ಪರದೆ ಕೆಲವು ಕೋನದಲ್ಲಿ ಕಪ್ಪಾಗುತ್ತದೆ. ತಲೆಯನ್ನು ಪಕ್ಕಕ್ಕೆ ವಾಲಿಸಿದರೆ ಅಕ್ಷರ ಮರಳಿ ಬರುತ್ತದೆ. ಮೀಟರಿನದು ಏನೂ ತಪ್ಪಿಲ್ಲ, ಗಾಗಲ್ ಬದಲಿಸಿ. ಹಬೆಗೆ ಕಾರಣ ಬೇರೆ. ಹೆಚ್ಚಿನ ಮೀಟರುಗಳ ಬೆನ್ನಲ್ಲಿ ಉಸಿರಾಡಲು ಒಂದು ಸಣ್ಣ ತೂತು ಇರುತ್ತದೆ, ಅದು ಕೆಳಮುಖವಾಗಿರಬೇಕು. ನಿಮ್ಮ ಪಟ್ಟಿಯಲ್ಲಿ ಮೀಟರ್ ಅಂಗಾತ ಮಲಗಿ ಆ ತೂತು ಪಟ್ಟಿಗೆ ಒತ್ತಿಕೊಂಡಿರಬಹುದು. ಅಲ್ಲಿ ಪಟ್ಟಿಗೆ 10 ಎಂಎಂ ಕಿಂಡಿ ಕೊರೆದು, ಮೀಟರನ್ನು ನಿಮ್ಮ ಕಡೆಗೆ ತುಸು ಎತ್ತಿ ನಿಲ್ಲಿಸಿ. ತೂತಿಗೆ ಸಿಲಿಕೋನ್ ಹಚ್ಚಿ ಮುಚ್ಚುವ ಬುದ್ಧಿವಂತಿಕೆ ಬೇಡ, ಒಳಗೆ ಸೇರಿದ ತೇವ ಅಲ್ಲೇ ಉಳಿದು ಬೋರ್ಡಿಗೆ ತುಕ್ಕು ಹಿಡಿಸುತ್ತದೆ. ತೊಳೆಯುವಾಗ ಪ್ರೆಶರ್ ನೀರನ್ನು ಮೀಟರಿನ ಬೆನ್ನಿಗೆ ಹೊಡೆಸದಿರಿ.